ಐವತ್ತರ ಆಯಿಲ್

ನಾನು ಅತಿ ಹೆಚ್ಚು ಕಾನ್ಫಿಡೆನ್ಸಿನಿಂದ ಮಾಡಿದ ತಪ್ಪುಗಳೆಲ್ಲ ಅಂಕಿಗಳಿಗೆ ಸಂಬಂಧಿಸಿದವು. ಜೀವನವಿಡೀ ಗಣಿತ ಕಲಿಸಿದವಳು ಹೀಗೆ ಹೇಳಿಕೊಳ್ಳಲು ನಾಚಬೇಕು. ಈ ವಯಸ್ಸಿನಲ್ಲಿ ನಾಚುವುದಕ್ಕೂ ಎನರ್ಜಿ ಬೇಕಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಚಿಕ್ಕಬಳ್ಳಾಪುರದ ಮನೆಯಿಂದ ಶಿಡ್ಲಘಟ್ಟದ ಹೈಸ್ಕೂಲಿಗೆ ನಾನು ಓಡಿಸಿಕೊಂಡು ಹೋಗುತ್ತಿದ್ದದ್ದು ನಮ್ಮವರು ಬಿಟ್ಟುಹೋದ ಹಳೆಯ ಕಾರು. ಅದರ ಆಯಿಲ್ ಬದಲಿಸುವುದು ಪಕ್ಕದ ಮನೆಯ ಮೆಕ್ಯಾನಿಕ್ ಬಾಬಾಜಾನ್ ಅವರ ಕೆಲಸ. ಯಾವುದನ್ನು ಹಾಕುತ್ತಿದ್ದರೋ, ನಾನು ಕೇಳಿದವಳಲ್ಲ. ಆ ಜನವರಿಯಲ್ಲಿ ಅವರು ಮದುವೆಗೆಂದು ಗೌರಿಬಿದನೂರಿಗೆ ಹೋಗಿದ್ದಾಗಲೇ ಚಿಂತಾಮಣಿಯ ನನ್ನಕ್ಕನಿಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಯಿತು.

"ಬೆಳಿಗ್ಗೆ ಒಂಬತ್ತಕ್ಕೆ ಕಣೇ. ನೀನು ಬಂದು ಕೈ ಹಿಡ್ಕೊಂಡ್ರೇನೇ ನಾನು ಒಳಗೆ ಹೋಗೋದು," ಎಂದು ಅಕ್ಕ ಫೋನಿನಲ್ಲಿ ಆಣೆ ಹಾಕಿಸಿಕೊಂಡಳು.

ದೂರದ ದಾರಿ, ಕಾರಿಗೆ ಹೊಸ ಆಯಿಲ್ ಇರಲಿ ಎಂದು ಹಿಂದಿನ ದಿನ ಪೆಟ್ರೋಲ್ ಬಂಕಿಗೆ ಹೋದೆ.

"ಮೂವತ್ತಾ, ನಲವತ್ತಾ, ಐವತ್ತಾ ಮೇಡಂ?" ಎಂದ ಬಂಕಿನವನು.

ನಾನು ಓದಿದ ಕಾನ್ವೆಂಟಿನಲ್ಲಿ ಕೂರುವುದು, ನಿಲ್ಲುವುದು, ಫೋರ್ಕ್ ಹಿಡಿಯುವುದು ಎಲ್ಲ ಕಲಿಸಿದ್ದರು. 'ನನಗೆ ಗೊತ್ತಿಲ್ಲ' ಎನ್ನುವುದನ್ನು ಮಾತ್ರ ಕಲಿಸಿರಲಿಲ್ಲ. ಮೂವತ್ತೈದಕ್ಕೆ ಪಾಸು ಮಾಡುವ ಮೇಷ್ಟ್ರ ಜಾತಿ ನಮ್ಮದು. ಮೂವತ್ತು ಎಂದರೆ ಫೇಲು, ನಲವತ್ತು ಎಂದರೆ ಅಂಚಿನಲ್ಲಿ ಬಚಾವಾದ ಹುಡುಗಿ. ಕತ್ತು ನೆಟ್ಟಗೆ ಮಾಡಿ, "ಐವತ್ತು," ಎಂದೆ. ಹಳೆಯದನ್ನು ಬಸಿದು ಅದನ್ನೇ ಸುರಿದ.

ಆ ಅಂಕಿ ಗುಣಕ್ಕೆ ಕೊಟ್ಟದ್ದಲ್ಲ, ಮಂದಕ್ಕೆ ಕೊಟ್ಟದ್ದು. ಅಂಕಿ ಏರಿದಷ್ಟೂ ಆಯಿಲ್ ಗಟ್ಟಿ, ಚಳಿಗೆ ಇನ್ನಷ್ಟು ಗಟ್ಟಿ. ಚಳಿಗಾಲ ಬಂತೆಂದರೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ತಲೆ ಬಾಚಿಕೊಂಡವಳಿಗೆ ಇಷ್ಟು ಫಿಸಿಕ್ಸ್ ಹೊಳೆಯಬಾರದಿತ್ತೇ?

ಮಾರನೆಯ ಬೆಳಿಗ್ಗೆ ಮಂಜು ಅಂಗಳದವರೆಗೂ ಇಳಿದಿತ್ತು. ಸೆಲ್ಫ್ ಹಾಕಿದೆ. ಕಾರು ಒಮ್ಮೆ ನರಳಿತು, ಇನ್ನೊಮ್ಮೆ ನರಳಿತು, ಆಮೇಲೆ ಅದೂ ಇಲ್ಲ. ಬಾನೆಟ್ ಎತ್ತಿ ಆಯಿಲ್ ನೋಡುವ ಕಡ್ಡಿಯನ್ನೆಳೆದರೆ ತುದಿಯಲ್ಲಿ ಜೋನಿಬೆಲ್ಲದಂತೆ ನೇತಾಡುತ್ತಿತ್ತು ನನ್ನ ಐವತ್ತು. ಅಷ್ಟರಲ್ಲಿ ಬಾಬಾಜಾನ್, ಮದುವೆಯಿಂದ ಹಿಂದಿನ ರಾತ್ರಿಯಷ್ಟೇ ಮರಳಿದವರು, ಸದ್ದು ಕೇಳಿ ಮಫ್ಲರ್ ಸುತ್ತಿಕೊಂಡು ಬಂದರು. ಕಡ್ಡಿ ಮುಟ್ಟಿ, ಬೆರಳು ಉಜ್ಜಿ ನೋಡಿದರು.

"ಟೀಚರಮ್ಮಾ, ಇದು ಲಾರಿಗೆ ಹಾಕೋ ಆಯಿಲ್ಲು. ನಿಮ್ ಗಾಡಿ ಪಾಪ ಮುದುಕಿ. ಈ ಚಳೀಲಿ ಮುದ್ದೆ ತಿನ್ಸಿ ಓಡು ಅಂದ್ರೆ ಓಡ್ತದಾ?"

"ಈಗ ಏನು ಮಾಡಣ ಸಾಹೇಬ್ರೇ?"

"ಬಿಸಿಲು ಬರ್ಲಿ. ನೀವು ಬಸ್ ಹತ್ತಿ."

ಆ ಬಸ್ಸು ಶಿಡ್ಲಘಟ್ಟದ ಹಾಲಿನ ಕ್ಯಾನುಗಳಿಗೂ ನಿಂತಿತು, ಕೈ ಎತ್ತಿದವರಿಗೂ ನಿಂತಿತು. ಆಸ್ಪತ್ರೆ ಮುಟ್ಟಿದಾಗ ಹನ್ನೊಂದು. ಅಕ್ಕ ಆಗಲೇ ಹೊರಗೆ ಮಂಚದ ಮೇಲಿದ್ದಳು, ಒಂದು ಕಣ್ಣಿಗೆ ಪಟ್ಟಿ. ಹೋಗಿ ಕೈ ಹಿಡಿದೆ.

"ಡಾಕ್ಟ್ರು ಮೂರು ಸಲ ಕೇಳಿದ್ರು, ಶುರು ಮಾಡಣವಾ ಅಂತ. ಆಮೇಲೆ ಆ ನರ್ಸಮ್ಮನ ಕೈ ಹಿಡ್ಕೊಂಡು ಹೋದೆ," ಎಂದಳು. ಕೋಪ ಇರಲಿಲ್ಲ; ಅದೇ ಕಷ್ಟವಾದದ್ದು. ನನ್ನ ಬೆರಳುಗಳನ್ನು ಮೂಗಿನ ಹತ್ತಿರ ತಂದುಕೊಂಡು, "ಏಮೇ, ಇದೇನೇ ಗ್ಯಾರೇಜಿನ ವಾಸನೆ?" ಎಂದಳು.

ಎಲ್ಲ ಹೇಳಿದೆ. ನಗಬಾರದು, ಹೊಲಿಗೆ ಇದೆ ಎಂದು ನರ್ಸು ಗದರಿದರೂ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇನ್ನೊಂದು ಕಣ್ಣು ಬಾಕಿ ಐತೆ. ಅದಕ್ಕೆ ಹಿಂದಿನ ದಿನಾನೇ ಬಾರೇ ತಾಯಿ. ಬಸ್ಸಲ್ಲೇ ಬಾ."

ಹೋದೆ, ಹಿಂದಿನ ದಿನವೇ, ಬಸ್ಸಿನಲ್ಲೇ. ಆ ಬಸ್ಸಿಗೆ ಎಷ್ಟರ ಆಯಿಲ್ ಹಾಕಿದ್ದರೋ, ಕೇಳಲಿಲ್ಲ. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದೆ.