ಹಮೀದಾ ಬೇಗಂ ಬೇಸಿನ್ನಿನ ಜೀವಿಗಳು

ಸುಡುವ ನೀರಲ್ಲೂ ಬ್ಯಾಕ್ಟೀರಿಯಾ ಬದುಕುತ್ತವೆ, ಹುಡುಕಿ ತಾ ಎಂದು ಮುರಳಿಮೋಹನ್ ಸರ್ ನನ್ನನ್ನು ಶಿಡ್ಲಘಟ್ಟಕ್ಕೆ ಕಳಿಸಿದ ಮೊದಲ ದಿನ ನಾನು ಬಾಟಲಿಯಲ್ಲಿ ಹಿಡಿದು ತಂದದ್ದು ಬೆಂದು ಸತ್ತ ಒಂದು ರೇಷ್ಮೆಹುಳ. ಕಂದು ಬಣ್ಣಕ್ಕಿತ್ತು, ತೇಲುತ್ತಿತ್ತು, ಸ್ವಲ್ಪ ಅಲುಗಾಡಿದಂತೆಯೂ ಕಂಡಿತ್ತು. ಇನ್ನೇನು ಬೇಕು? "ಸರ್, ಒಂದು ಸಿಕ್ತು, ದಪ್ಪಗಿದೆ" ಎಂದು ಫೋನೂ ಮಾಡಿಬಿಟ್ಟಿದ್ದೆ. ನಾನು ಓದಿದ್ದು ಬಿ.ಕಾಂ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಸರ್ ನಡೆಸುವ ಲ್ಯಾಬಿಗೆ ಆರು ತಿಂಗಳ ಗುತ್ತಿಗೆಯ ಮೇಲೆ ಸೇರಿದ್ದೆ. ನನ್ನಲ್ಲಿ ಬೈಕ್ ಇದೆ ಎಂಬುದೇ ಅರ್ಹತೆ.

ನಮ್ಮ ಕಡೆ ಬಿಸಿನೀರಿನ ಬುಗ್ಗೆಗಳಿಲ್ಲ. ಬೋರ್‌ವೆಲ್ಲಿನಲ್ಲಿ ತಣ್ಣೀರು ಬಂದರೇ ಊರೆಲ್ಲ ನೋಡಲು ಬರುತ್ತದೆ. ಹಾಗಾಗಿ ವಿಜ್ಞಾನಕ್ಕೆ ಉಳಿದದ್ದು ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಲ್ಲಿ ಗೂಡು ಬೇಯಿಸುವ ಬಿಸಿನೀರಿನ ಬೇಸಿನ್ನುಗಳು.

ಬಷೀರ್ ಅಹಮದರ ಶೆಡ್ಡಿನಲ್ಲಿ ಹಮೀದಾ ಬೇಗಂ ಬೇಸಿನ್ನಿನ ಮುಂದೆ ಕೂತು ಇಪ್ಪತ್ತೊಂಬತ್ತು ವರ್ಷ. ಬಿಸಿನೀರಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ರಾಟೆಗೆ ಕೊಡುವುದು ಅವರ ಕೆಲಸ. ಬೆರಳ ತುದಿಗಳು ಬೆಂದು ಬೆಂದು ನುಣ್ಣಗಾಗಿವೆ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರನ್ನು ಮನುಷ್ಯರೆಂದು ಒಪ್ಪುವುದಿಲ್ಲ. ಸೊಸೆ ನಾಹಿದ್ ಹೋಗಿ ಒತ್ತಿ ಬರಬೇಕು. ನನ್ನ ಥರ್ಮಾಮೀಟರು ಯೋಚಿಸಿ ಯೋಚಿಸಿ ಅರವತ್ತೆರಡು ಎನ್ನುವಷ್ಟರಲ್ಲಿ ಅವರು ಬೆರಳದ್ದಿ, ಒಲೆಗೆ ಇನ್ನೊಂದು ಸೌದೆ ತುರುಕಿ, ಎರಡು ಗೂಡು ಮುಗಿಸಿರುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಸಂಜೆ ಎಲ್ಲರೂ ಬೇಸಿನ್ ಪೂರ್ತಿ ಖಾಲಿ ಮಾಡಿದರೆ, ಇವರು ಒಂದು ಚೊಂಬು ಹಳೇ ನೀರು ತೆಗೆದಿಟ್ಟು, ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಿದಂತೆ ಹೊಸ ನೀರಿಗೆ ಬೆರೆಸುತ್ತಿದ್ದರು. ಹೊಸ ನೀರು ಗೂಡಿಗೆ ಬಿರುಸಂತೆ, ಅತ್ತೆ ಹೇಳಿಕೊಟ್ಟದ್ದಂತೆ. ಶೆಡ್ಡಿನವರು ನಗುತ್ತಿದ್ದರು. ಆದರೆ ಹದಿನೆಂಟು ಕಡೆಯ ಸ್ಯಾಂಪಲ್ಲುಗಳಲ್ಲಿ ಅರವತ್ತು ಡಿಗ್ರಿಯಲ್ಲಿ ಜೀವ ಹಿಡಿದು ಬೆಳೆದದ್ದು ಹಮೀದಾ ಬೇಗಂ ನೀರೊಂದೇ.

ಇಂಥ ಸಂತೋಷವನ್ನು ಬುದ್ಧಿವಂತರು ಹೊಟ್ಟೆಯಲ್ಲಿಟ್ಟುಕೊಳ್ಳುತ್ತಾರೆ. ನಾನು ಶೆಡ್ಡಿನ ನಡುವೆ ನಿಂತು, ಅಮ್ಮನ ಬೇಸಿನ್ ತುಂಬ ಬ್ಯಾಕ್ಟೀರಿಯಾ ಇದೆ ಎಂದು ಸಾರಿದೆ.

ಬಷೀರ್ ಅಹಮದರ ನಿಘಂಟಿನಲ್ಲಿ ಬ್ಯಾಕ್ಟೀರಿಯಾ ಎಂದರೆ ವಾಂತಿಭೇದಿ. ಮರುದಿನ ನಾನು ಹೋಗುವಷ್ಟರಲ್ಲಿ ಚೊಂಬಿನ ನೀರು ಮೋರಿಗೆ ಸೇರಿತ್ತು, ಬೇಸಿನ್ನಿಗೆ ಬ್ಲೀಚಿಂಗ್ ಪುಡಿಯ ಅಭಿಷೇಕವಾಗಿತ್ತು. ಅಂದಿನಿಂದ ಹಮೀದಾ ಬೇಗಂ ಎಳೆ ಪಟಪಟನೆ ತುಂಡಾಗತೊಡಗಿತು. ಶೆಡ್ಡಿಗೆ ಯಂತ್ರ ಬರುವುದಿತ್ತು, ಹಳೆಯ ಬೇಸಿನ್ನುಗಳಲ್ಲಿ ಒಂದೇ ಉಳಿಯುವುದಿತ್ತು. ಹೀಗೇ ಆದರೆ ಆ ಜಾಗ ಸಾಬ್ರೀನ್ ಎಂಬ ಚುರುಕು ಕೈಯ ಹುಡುಗಿಗೆ ಎಂದು ಬಷೀರ್ ಹೇಳಿಯೂ ಬಿಟ್ಟರು.

ನನಗೆ ನಿದ್ದೆ ಕೆಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಊಟ ಮಾತ್ರ ಸರಿಯಾಗಿ ಸೇರಲಿಲ್ಲ. ಕೊನೆಗೆ ಲ್ಯಾಬಿನಲ್ಲಿ ಬೆಳೆಸಿದ್ದ ಅವರದೇ ಬೇಸಿನ್ನಿನ ಬ್ಯಾಕ್ಟೀರಿಯಾವನ್ನು ಒಂದು ಫ್ಲಾಸ್ಕಿಗೆ ತುಂಬಿ, ಚಳಿ ತಾಗದಿರಲೆಂದು ಟವೆಲ್ ಸುತ್ತಿ, ಬಾಣಂತಿಯನ್ನು ಕರೆದೊಯ್ಯುವ ನಾಜೂಕಿನಲ್ಲಿ ಬೈಕ್ ಓಡಿಸಿ ತಂದುಕೊಟ್ಟೆ. ನೀರಿಗೆ ಬೆರೆಸಿ ಎಂದೆ. ಅವರು ಮುಚ್ಚಳ ತೆಗೆದು ಮೂಸಿ, "ಇಟ್ಟು ಹೋಗಪ್ಪ" ಎಂದರು.

ಎರಡು ದಿನ ಬಿಟ್ಟು ಹೋದರೆ ಎಳೆ ಮೊದಲಿನಂತೆ ಓಡುತ್ತಿತ್ತು. ನಾನು ಹಿಗ್ಗಿ ಸರ್‌ಗೆ ತಿಳಿಸಿದೆ. ಸರ್ ಕಾರಿನಲ್ಲೇ ಬಂದರು. ಇದು ರುಜುವಾತಾದರೆ ಯೋಜನೆ ಇನ್ನೊಂದು ವರ್ಷ ಮುಂದುವರಿಯುತ್ತದೆ, ಜೊತೆಗೆ ನಾನೂ. ಬಷೀರ್ ಇನ್ನೂ ಮುಂದೆ ಹೋಗಿದ್ದರು.

"ಹಾಗಾದ್ರೆ ಸಾರ್, ಬಾಟಲಿ ಇದ್ರೆ ಸಾಕು. ಯಾರ ಕೈ ಆದ್ರೇನು? ಸಾಬ್ರೀನನ್ನೇ ಕೂರಿಸ್ತೀನಿ."

ಸರ್ ನೋಟ್‌ಬುಕ್ ತೆರೆದು ಹಮೀದಾ ಬೇಗಂ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ನಿಜ ಹೇಳಮ್ಮ. ನೂಲು ಸರಿಹೋಗಿದ್ದು ನಮ್ಮ ಬ್ಯಾಕ್ಟೀರಿಯಾ ಹಾಕಿದ್ಮೇಲೇ ಅಲ್ವಾ?"

ನಾನು ಸರ್ ಬೆನ್ನ ಹಿಂದಿನಿಂದ ಹೌದೆನ್ನಿ ಎಂಬಂತೆ ತಲೆಯಾಡಿಸಿದೆ. ಅವರು ನನ್ನನ್ನು ನೋಡಿದರು, ಬಷೀರರನ್ನೂ ನೋಡಿದರು. ಕೈ ಮಾತ್ರ ನೀರಿನಲ್ಲೇ ಇತ್ತು.

"ಇವ್ನು ತಂದಿದ್ದು ಕೆಟ್ಟ ವಾಸನೆ ಬರ್ತಿತ್ತು, ಅವತ್ತೇ ಮೋರಿಗೆ ಸುರಿದೆ. ಬ್ಲೀಚಿಂಗ್ ಪುಡಿ ಹೋಗೋವರ್ಗೂ ಬೇಸಿನ್ ಉಜ್ಜಿದ್ದು ನಾನು, ನೂಲು ತೆಗ್ದಿದ್ದೂ ನಾನೇ. ಬರ್ಕೊಳಿ ಸಾರ್."