ಹುಣಸೆ ಬುಡವೂ ಕಕ್ಕಸ್ಸಿನ ಗುಂಡಿಯೂ

ನನ್ನ ಮಂಡಿ ಕೈಕೊಟ್ಟ ಮೇಲೆಯೇ ಹಿತ್ತಲಿನ ಹುಣಸೆ ಬುಡ ನನ್ನ ಕಣ್ಣಿಗೆ ಬಿದ್ದದ್ದು. ಮರ ಒಣಗಿ, ಕಡಿಸಿ ಎಷ್ಟೋ ಕಾಲವಾಗಿತ್ತು. ಮೊಣಕಾಲೆತ್ತರದ ಬುಡ ಮಾತ್ರ ಕಲ್ಲಿನ ಹಾಗೆ ಉಳಿದಿತ್ತು.

ನಮ್ಮ ಕಕ್ಕಸ್ಸು ಇದ್ದದ್ದು ಹಿತ್ತಲಿನ ಕೊನೆಯಲ್ಲಿ, ಹೊಲಕ್ಕೆ ಅಂಟಿಕೊಂಡು. ವಾಸನೆ ದೂರವಿರಲಿ ಎಂದು ನಮ್ಮ ಯಜಮಾನರು ಅಲ್ಲಿ ಕಟ್ಟಿಸಿದ್ದರು. ವಾಸನೆ ದೂರವಿತ್ತು, ನಿಜ. ಆದರೆ ನನಗೆ ಅರ್ಧ ದಾರಿಗೇ ಕಾಲು ಸೋಲುತ್ತಿತ್ತು. ಮಳೆ ಬಂದರೆ ಕೆಸರಿನಲ್ಲಿ ಜಾರುತ್ತಿದ್ದೆ. ಒಂದೆರಡು ಸಲ ತಲುಪುವುದರೊಳಗೆ ಕೆಲಸವೇ ಮುಗಿದುಹೋಗಿತ್ತು. ಅಡಿಗೆಮನೆ ಬಾಗಿಲ ಹತ್ತಿರ ಹೊಸದೊಂದು ಆಗಲೇಬೇಕಿತ್ತು.

ಗಾರೆಯವನು ಬಂದು ನೋಡಿ, ಗುಂಡಿಗೆ ಇರುವುದು ಎರಡೇ ಜಾಗ ಎಂದ. ಒಂದು, ಹುಣಸೆ ಬುಡ ಇರುವ ಕಡೆ. ಇನ್ನೊಂದು ಅದರ ಪಕ್ಕ, ಬಟ್ಟೆ ಒಗೆಯುವ ಕಲ್ಲಿರುವ ಕಡೆ.

“ಕಲ್ಲನ್ನೇ ಎತ್ತಾಕನ ಅತ್ತೆ. ಮಿಷನ್ ಬಂದ ಮ್ಯಾಲೆ ಅದ್ಯಾರ್ಗೆ ಬೇಕು?” ಎಂದಳು ಸೊಸೆ.

“ನಿನ್ ಮಿಷನ್ನು ಕಂಬ್ಳಿ ಒಗೆದಾದಾ? ಕಲ್ಲಿನ ತಂಟೆಗೆ ಬಂದ್ರೆ ನೋಡು,” ಎಂದೆ. ಮದುವೆಯಾಗಿ ಬಂದಂದಿನಿಂದ ನಾನು ಬಟ್ಟೆ ಕುಕ್ಕಿದ ಕಲ್ಲು ಅದು. ಅಲ್ಲಿಗೆ, ಹೋಗಬೇಕಾದದ್ದು ಬುಡವೇ ಎಂದು ತೀರ್ಮಾನವಾಯಿತು.

ತೀರ್ಮಾನವಾದದ್ದು ಬುಡಕ್ಕೆ ಗೊತ್ತಾಗಲಿಲ್ಲ. ಮಗ ಕೊಡಲಿ ಹಾಕಿದ, ಕಾವು ಮುರಿಯಿತು. ಬುಡ ಕೊಳೆಯಲಿ ಎಂದು ಉಪ್ಪು ಸುರಿದೆ, ಬೀದಿಯ ದನಗಳು ಬಂದು ನೆಕ್ಕಿಕೊಂಡು ಹೋದವು, ಮಾರನೆಯ ದಿನವೂ ಉಪ್ಪು ಕೇಳಿಕೊಂಡು ಬಂದವು. ಬೆರಣಿ ಒಟ್ಟಿ ಬೆಂಕಿ ಇಟ್ಟೆ. ಬುಡ ಕಪ್ಪಗಾಯಿತು, ಅಷ್ಟೇ. ಬೇಲಿಯಾಚೆ ಪಕ್ಕದ ಮನೆಯವಳು ಕೆಮ್ಮುತ್ತಾ, “ಯಾರ್ನಕ್ಕಾ ಸುಡ್ತಾ ಇದ್ದೀಯೆ?” ಎಂದಳು.

“ಇನ್ನೂ ಯಾರೂ ಸಿಕ್ಕಿಲ್ಲ ಕಣಮ್ಮಿ, ನೀನು ಬತ್ತೀಯಾ?” ಎಂದೆ.

ಕೊನೆಗೆ ಮಗ ಬೇಗೂರಿನಿಂದ ಒಂದು ಜೆಸಿಬಿ ಕರೆತಂದ. ಡ್ರೈವರು ತಾಳವಾಡಿ ಆಚೆಯ ತಮಿಳಿನವನು, ಕನ್ನಡ ಈಗಷ್ಟೇ ಕಲಿಯುತ್ತಿದ್ದ, ಅದೂ ನಮ್ಮ ಕಡೆಯ ಕನ್ನಡ. “ನಮ್ಮವ್ವ ಏಳ್ದಂಗೆ ಮಾಡ್ಬುಡಪ್ಪ, ಎದುರು ಮಾತಾಡ್ಬ್ಯಾಡ,” ಎಂದು ಅವನಿಗೆ ಹೇಳಿ ಮಗ ಗುಂಡ್ಲುಪೇಟೆ ಬಸ್ಸು ಹತ್ತಿದ.

ಯಂತ್ರದ ಹಲ್ಲು ಬುಡದ ನೆತ್ತಿಗೆ ತಾಗಿ ಜಾರಿತು. ನೆತ್ತಿ ಕೆರೆದರೆ ಏನು ಬಂತು, ಬುಡಕ್ಕೆ ಹಾಕಲಿ ಎಂದು ನಾನು ಕೈಬೀಸಿ, “ಬುಡ! ಬುಡ!” ಎಂದು ಕೂಗಿದೆ. ಅವನು ಹಲ್ಲನ್ನು ಮೇಲೆತ್ತಿ ನಿಲ್ಲಿಸಿದ. ನನ್ನ ಕಡೆ ನೋಡಿ ಮತ್ತೆ ಇಳಿಸಿದ. “ಬುಡ ಕಣಪ್ಪ, ಬುಡ!” ಮತ್ತೆ ಎತ್ತಿದ. ಅವನು ಇಳಿಸುವುದು, ನಾನು ಕೂಗುವುದು, ಅವನು ಎತ್ತುವುದು. ಅಷ್ಟು ದೊಡ್ಡ ಯಂತ್ರಕ್ಕೆ ನಾನು ನಿಂತು ಬಸ್ಕಿ ಹೊಡೆಸುತ್ತಿದ್ದ ಹಾಗಿತ್ತು.

ನನಗೆ ರೇಗಿಹೋಯಿತು. “ಅಗ್ದು ಬಿಸಾಕು ಅತ್ಲಾಗೆ!” ಎಂದವಳೇ ಮಂಡಿ ಹಿಡಿದುಕೊಂಡು ಒಳಗೆ ಹೋಗಿ ಕೂತೆ. ಹೊರಗೆ ಸದ್ದು ಜೋರಾಯಿತು. ಸದ್ಯ ದಾರಿಗೆ ಬಂದ ಎಂದುಕೊಂಡು ನೆಮ್ಮದಿಯಾಗಿ ಕಾಫಿ ಕುಡಿದೆ.

ಬಂದು ನೋಡಿದರೆ ನನ್ನ ಒಗೆಯುವ ಕಲ್ಲು ಯಂತ್ರದ ಬಾಯಲ್ಲಿ ಕೂತಿದೆ. ಅದಿದ್ದ ಕಡೆ ಆಳುದ್ದದ ಗುಂಡಿ. ಪಕ್ಕದಲ್ಲಿ ಬುಡ, ಹೇಗಿತ್ತೋ ಹಾಗೇ.

“ಏನ್ಲಾ ಮಾಡ್ಬುಟ್ಟೆ, ಮನೆಹಾಳ!”

ಅವನು ಹೆದರಿ ಕೆಳಗಿಳಿದ. ಅಜ್ಜಿಗೆ ಅವರ ತಮಿಳಿನಲ್ಲಿ ಪಾಟಿ. “ಪಾಟಿ, ನೀವೇ ಬುಡು ಬುಡು ಅಂದ್ರಿ, ಮರ ಬುಟ್ಟೆ. ಅತ್ಲಾಗೆ ಅಗಿ ಅಂದ್ರಿ, ಅತ್ಲಾಗೆ ಅಗ್ದೆ!”

ನಾನು ಮರದ ಬುಡ ಎಂದದ್ದು, ಬಿಟ್ಟುಬಿಡು ಎನ್ನುವ ನಮ್ಮ ‘ಬುಡು’ ಆಗಿ ಅವನ ಕಿವಿಗೆ ಬಿದ್ದಿತ್ತು. ಸಿಟ್ಟಿಗೆ ಸೇರಿಸಿದ ‘ಅತ್ಲಾಗೆ’ಯನ್ನು ದಿಕ್ಕು ಎಂದು ತಿಳಿದಿದ್ದ. ಬೈಯಲು ಬಾಯಿ ತೆರೆದೆ. ಇನ್ನೊಂದು ಮಾತಾಡಿದರೆ ಮನೆಯ ಗೋಡೆಯನ್ನೇ ಅಗೆದಾನು ಎನಿಸಿ ಮುಚ್ಚಿಕೊಂಡೆ. ಸೊಸೆ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಒರಗಿ ನಗುತ್ತಿದ್ದಳು.

“ಕಲ್ಲು ಎಲ್ಲಿಡ್ಲಿ ಪಾಟಿ?”

ಬುಡದ ಕಡೆಗೆ ಬೆರಳು ತೋರಿಸಿದೆ, ಅಷ್ಟೇ. ಅವನು ಕಲ್ಲನ್ನು ತಂದು ಅದರ ನೆತ್ತಿಯ ಮೇಲೆ ಇಳಿಸಿದ. ಕೈಯಿಟ್ಟು ತಳ್ಳಿ ನೋಡಿದೆ, ಒಂದಿಷ್ಟೂ ಅಲುಗಲಿಲ್ಲ. ಎತ್ತರವೂ ಸರಿಯಾಗಿತ್ತು, ಇನ್ನು ಬಗ್ಗದೆ ಕಂಬಳಿ ಒಗೆಯಬಹುದು.

ಸಂಜೆ ಮಗ ಬಂದವನು ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟ. “ಇದೇನವ್ವ, ಬುಡ ಅಂಗೇ ಅದೆ?”

“ಬುಡ ಬುಡು,” ಎಂದೆ. “ಗುಂಡಿ ಆಗ್ಯದೆ. ಗಾರೆಯವನ್ಗೆ ಫೋನ್ ಮಾಡು.”