ಸುಬೇದಾರರ ಕೋಟಿನ ತೂತು

ಮಸ್ಕತ್ತಿನ ವಾದಿ ಕಬೀರ್‌ನ ಗ್ಯಾರೇಜುಗಳು ಇನ್ನೂ ಬಾಗಿಲು ತೆರೆದಿಲ್ಲ. ತಮ್ಮ ಹೊಲಿಗೆಯಂಗಡಿಯ ಕಿಟಕಿಯ ಬಳಿ ಕೊಗ್ಗ ಹಳೆಯ ಖಾಕಿ ಕೋಟೊಂದನ್ನು ತೊಡೆಯ ಮೇಲೆ ಹರಡಿಕೊಂಡು, ತಾವೇ ಹಾಕಿದ ರಫೂವನ್ನು ಸೂಜಿಮೊನೆಯಿಂದ ಬಿಚ್ಚುತ್ತಿದ್ದಾರೆ. ಹರಿದ ಬಟ್ಟೆಗೆ ಎಳೆ ಸೇರಿಸಿ, ಹರಿದದ್ದೇ ಕಾಣದಂತೆ ಮಾಡುವ ಈ ಕೈಗಳಿಂದ ಮಸ್ಕತ್ತಿನ ಎಷ್ಟೋ ಸೂಟುಗಳ ಮಾನ ಉಳಿದಿದೆ. ಸೂಟಿನೊಡೆಯರಿಗೆ ಇವರ ಹೆಸರೂ ಗೊತ್ತಿಲ್ಲ.

"ಈಗ ಮಾತಾಡಿಸ್ಬೇಡಿ ಮಾರಾಯ್ರೇ. ಬಟ್ಟೆ ಹಪ್ಪಳದ ಹಾಗೆ ಉಂಟು. ಸ್ವಲ್ಪ ಜೋರು ಎಳೆದ್ರೆ ಖಲಾಸ್." ಸಂದರ್ಶನಕ್ಕೆಂದು ಬಂದ ನಾನು ತೆಪ್ಪಗೆ ಸ್ಟೂಲಿನ ಮೇಲೆ ಕೂರುತ್ತೇನೆ.

ಕೋಟು ಇವರ ಕಫೀಲ್, ಅಂದರೆ ವೀಸಾ ಕೊಟ್ಟ ಪ್ರಾಯೋಜಕ, ಮಹಮೂದರ ತಾಯಿಯ ತಂದೆಯದು. ಮೊದಲ ಮಹಾಯುದ್ಧ ಮುಗಿದ ಮೇಲೆ ಸುಲ್ತಾನರ ಪುಟ್ಟ ಸೇನೆಗೆ ಸಿಪಾಯಿಯಾಗಿ ಸೇರಿದ ಆ ಬಲೂಚಿ, ಜಮಾದಾರರಾಗಿ, ಸುಬೇದಾರರಾಗಿ, ಎರಡನೆಯದು ಶುರುವಾಗುವ ಮೊದಲೇ ನಿವೃತ್ತರಾದರು. ಮಹಾಯುದ್ಧ ಯಾವುದನ್ನೂ ಕಾಣದ ಆ ಸೇವೆಯಲ್ಲಿ, ಕಣಿವೆಯೊಂದರಲ್ಲಿ ಹಾರಿದ ಗುಂಡು ಪಕ್ಕೆಯ ಬಳಿ ಬಟ್ಟೆಯನ್ನಷ್ಟೇ ತೂರಿ ಹೋಗಿತ್ತು. ಆ ತೂತನ್ನು ಅವರು ಹೊಲಿಸಲೇ ಇಲ್ಲ. ಹಬ್ಬಕ್ಕೆ ಕೋಟು ತೊಟ್ಟಾಗ ಪುಟ್ಟ ಮಗಳು ಲೈಲಾ, ಅಂದರೆ ಮಹಮೂದರ ತಾಯಿ, ಅದರಲ್ಲಿ ಬೆರಳು ತೂರಿಸಿ, ಅಪ್ಪನಿಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳಂತೆ.

ಮಹಮೂದ್ ಹೇಳಿದ್ದು ಕಾಲರ್ ಸರಿಮಾಡಲು ಮಾತ್ರ. ತೂತು ಕಂಡರೆ ಕೊಗ್ಗರ ಕೈ ಸುಮ್ಮನಿರುತ್ತದೆಯೇ? ಕೇಳದೆ ಮುಚ್ಚಿಬಿಟ್ಟರು. ನಿನ್ನೆ ಮಹಮೂದ್ ಫೋನಿನಲ್ಲಿ ಈ ಕತೆ ಹೇಳಿ, ಬೆಳಿಗ್ಗೆ ತಾಯಿಯನ್ನೇ ಕರೆತರುತ್ತೇನೆ ಎಂದದ್ದೇ ತಡ, ಕೊಗ್ಗ ಬೆಳಗಾಗುವ ಮೊದಲೇ ಅಂಗಡಿಗೆ ಬಂದು ಸೂಜಿ ಹಿಡಿದು ಕೂತರು.

"ವೀಸಾ ಅವರ ಕೈಲುಂಟು. ಕ್ಯಾನ್ಸಲ್ ಅಂದ್ರೆ ನಾನು ಕಾರ್ಕಳದಲ್ಲಿ. ಮಗಳು ಅಕ್ಷಯಾನ ಕಾಲೇಜು ಅರ್ಧದಲ್ಲುಂಟು." ಅವರ ಹೆದರಿಕೆ ನನಗೂ ಅಂಟಿದೆ. ಹೊರಗೆ ಕಾರಿನ ಸದ್ದಾದಾಗಲೆಲ್ಲ ಇಬ್ಬರೂ ಬಾಗಿಲು ನೋಡುತ್ತೇವೆ.

ಕೊನೆಯ ಎಳೆ ಹೊರಬರುವಷ್ಟರಲ್ಲಿ ಮಹಮೂದ್ ತಾಯಿಯ ಕೈಹಿಡಿದು ಒಳಗೆ ಬರುತ್ತಾರೆ. ಎಪ್ಪತ್ತು ದಾಟಿದ ಲೈಲಾ ಕೋಟು ತಡವಿ, ತೂತು ಹುಡುಕಿ, ಬೆರಳು ತೂರಿಸುತ್ತಾರೆ. ಅದು ಬೆರಳಿನ ಗೆಣ್ಣಿನ ಬಳಿ ಸಿಕ್ಕಿಕೊಳ್ಳುತ್ತದೆ.

ತೂತು ಕಿರಿದಾಯಿತೆಂಬ ಗಾಬರಿಯಲ್ಲಿ ಕೊಗ್ಗ, ರಫೂ ಹಾಕಿದ್ದು, ಈಗ ಬಿಚ್ಚಿದ್ದು, ಹಿಂದಿಯಲ್ಲಿ ತೊದಲುತ್ತ ಎಲ್ಲವನ್ನೂ ಒಪ್ಪಿಕೊಂಡುಬಿಡುತ್ತಾರೆ. ಮಹಮೂದರ ಹುಬ್ಬು ಗಂಟಿಕ್ಕುತ್ತದೆ. ಲೈಲಾ ಕೋಟನ್ನು ಬೆಳಕಿಗೆ ಹಿಡಿದು, ಒಳಮಗ್ಗುಲು ತಿರುವಿ ನೋಡುತ್ತಾರೆ.

"ಇಲ್ಲಿ ಎಲ್ಲಿದೆ ರಫೂ? ಮುದುಕಿಗೆ ತಮಾಷೆ ಮಾಡಬೇಡ. ನನ್ನ ಬೆರಳು ದಪ್ಪವಾಗಿದೆ, ಅಷ್ಟೇ." ನಗುತ್ತಲೇ ಕೋಟನ್ನು ಎದೆಗೊತ್ತಿಕೊಂಡು ಹೊರಡುತ್ತಾರೆ.

ಕೊಗ್ಗ ಅವರ ಹಿಂದೆಯೇ ಬಾಗಿಲ ತನಕ ಹೋಗಿ, ಮರಳಿ ಬಂದು ಕಿಟಕಿಯ ಬಳಿ ಕೂರುತ್ತಾರೆ.

"ಬಾಗಿಲ ತನಕ ಹೋಗಿ ಇನ್ನೊಂದು ಸಲ ಹೇಳಿದೆ, ಆಗ್ಲೂ ನಂಬಲಿಲ್ಲ. ಮತ್ತೆ ಹೇಳ್ಲಿಕ್ಕೆ ನನಗೆ ಧೈರ್ಯ ಬರಲಿಲ್ಲ ಮಾರಾಯ್ರೇ."